ಮೊದಲ ಪಾಠಕ್ಕೆ ಯಾವ ನೀರು? ಸಾಣಾಪುರದಿಂದ ಕೃಷ್ಣೆಯವರೆಗೆ ಒಂದು ಹೋಲಿಕೆ

ಕಯಾಕ್ (ಒಬ್ಬಿಬ್ಬರು ಕೂರುವ ಉದ್ದನೆಯ ದೋಣಿ) ಬಂದಿವೆ, ಹರಿಗೋಲು ಬಾಡಿಗೆಗೆ ಸಿಗುತ್ತದೆ, ಕಲಿಯುವ ಹುಡುಗರೂ ತಯಾರಿದ್ದಾರೆ. ಮೊದಲ ದಿನ ಎಲ್ಲಿಗೆ ಕರೆದುಕೊಂಡು ಹೋಗುವುದು? ಗಂಗಾವತಿಯವರು ಸಾಣಾಪುರ ಅನ್ನುತ್ತಾರೆ, ಬಳ್ಳಾರಿಯವರಿಗೆ ಕಂಪ್ಲಿ ಹತ್ತಿರ, ಕೊಪ್ಪಳದವರ ಕಣ್ಣು ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ ಹಿನ್ನೀರಿನ ಮೇಲೆ, ರಾಯಚೂರಿನವರಿಗೆ ಕೃಷ್ಣೆಯೇ ಇದೆ. ಫೋಟೊಕ್ಕಾದರೆ ಎಲ್ಲರಿಗೂ ಆನೆಗೊಂದಿಯೇ ಬೇಕು.

ನೀರು ನಿಂತಂತೆ ಕಂಡರೆ ಜಾಗ ಒಳ್ಳೆಯದು ಎಂಬುದು ಹೆಚ್ಚಿನವರ ಲೆಕ್ಕ. ಆದರೆ ಕಲಿಯುವವನು ಬೀಳದೆ ಇರುವುದಿಲ್ಲ. ಬಿದ್ದವನು ಹತ್ತು ನಿಮಿಷದಲ್ಲಿ ಎಲ್ಲಿಗೆ ಹೋಗಿ ಸೇರುತ್ತಾನೆ? ಅಷ್ಟರೊಳಗೆ ನೀರಿನ ಮಟ್ಟ ಬದಲಿಸಬಲ್ಲ ಗೇಟು ಮೇಲೆ ಎಲ್ಲಾದರೂ ಇದೆಯೇ? ಈ ಎರಡು ಪ್ರಶ್ನೆ ಕೇಳಿದ ಕೂಡಲೇ ಮೇಲಿನ ಐದು ಜಾಗಗಳಲ್ಲಿ ಮೂರು ಮೊದಲ ದಿನದ ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲು ಅಳತೆ

ಸೆಳವನ್ನು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ದಡದಗುಂಟ ಹತ್ತು ಮೀಟರ್ ಅಳೆದು ಎರಡು ಗೂಟ ನೆಡಿ. ಒಂದು ಎಳನೀರು ಕಾಯಿಯನ್ನು ಮೇಲಿನ ಗೂಟಕ್ಕಿಂತ ತುಸು ಮೇಲೆ, ನಡುಹೊಳೆಯ ಕಡೆಗೆ ಎಸೆಯಿರಿ. ಗೂಟದಿಂದ ಗೂಟಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಎಳನೀರೇ ಏಕೆಂದರೆ ಅದರ ಬಹುಭಾಗ ನೀರೊಳಗೆ ಇರುತ್ತದೆ, ನೀರು ಹೋದಂತೆ ಹೋಗುತ್ತದೆ. ಜೋಳದ ದಂಟು, ಥರ್ಮಾಕೋಲ್ ತುಂಡು ಗಾಳಿಗೆ ಓಡಿ ಸುಳ್ಳು ಲೆಕ್ಕ ಕೊಡುತ್ತವೆ. ಮೂರು ಸಲ, ಮೂರು ಕಡೆ ಎಸೆದು ಎಲ್ಲಕ್ಕಿಂತ ವೇಗದ್ದನ್ನೇ ಹಿಡಿಯಿರಿ.

30 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಮೊದಲ ಪಾಠಕ್ಕೆ ಆಗುತ್ತದೆ. 20 ಸೆಕೆಂಡು ಎಂದರೆ ಗಂಟೆಗೆ 1.8 ಕಿ.ಮೀ. ಸೆಳವು, ಹುಟ್ಟು ಕೈಗೆ ಕೂತವರಿಗೆ ಪರವಾಗಿಲ್ಲ. 10 ಸೆಕೆಂಡಿಗೆ ಬಂದರೆ ಗಂಟೆಗೆ 3.6 ಕಿ.ಮೀ.; ಹೊಸಬರು ಈ ನೀರಿಗೆ ಎದುರಾಗಿ ಹುಟ್ಟು ಹಾಕಿದರೆ ಇದ್ದಲ್ಲೇ ಇರುತ್ತಾರೆ, ಇಲ್ಲವೇ ಹಿಂದಕ್ಕೆ ಹೋಗುತ್ತಾರೆ. ಒಬ್ಬ ಬಿದ್ದು, ಅವನನ್ನು ಎತ್ತಿ, ಮಗುಚಿದ ಕಯಾಕ್ ಹಿಡಿದು, ಉಳಿದವರನ್ನು ಒಟ್ಟುಗೂಡಿಸಲು ಹತ್ತು ನಿಮಿಷ ಬೇಕೆಂದು ಇಟ್ಟುಕೊಳ್ಳಿ. 30 ಸೆಕೆಂಡಿನ ನೀರಿನಲ್ಲಿ ಅಷ್ಟರೊಳಗೆ 200 ಮೀಟರ್ ತೇಲಿರುತ್ತೀರಿ. 10 ಸೆಕೆಂಡಿನ ನೀರಿನಲ್ಲಿ 600 ಮೀಟರ್. ಆದ್ದರಿಂದ ಪಾಠದ ಜಾಗದ ಕೆಳಗೆ ಕನಿಷ್ಠ ಅರ್ಧ ಕಿಲೋಮೀಟರ್ ಬಂಡೆ, ಒಡ್ಡು, ಸೇತುವೆ ಕಂಬ, ಮುಳ್ಳುಕಂಟಿ ಇಲ್ಲದ ನೀರು ಇರಬೇಕು.

ಒಡ್ಡಿನ ಮಾತು ನಮ್ಮ ಕಡೆ ಬಿಡಿಸಿ ಹೇಳಲೇಬೇಕು. ತುಂಗಭದ್ರೆಗೆ ಅಡ್ಡವಾಗಿ ವಿಜಯನಗರ ಕಾಲದ ಒಡ್ಡುಗಳು ಇಂದಿಗೂ ಕಾಲುವೆಗಳಿಗೆ ನೀರು ತಿರುಗಿಸುತ್ತಿವೆ. ಮೇಲಿನಿಂದ ಬರುವವನಿಗೆ ಒಡ್ಡು ಕಾಣುವುದೇ ಇಲ್ಲ. ಹೊಳೆ ಒಂದು ಗೆರೆಯಲ್ಲಿ ಮುಗಿದಂತೆ ತೋರುತ್ತದೆ, ಅಷ್ಟೇ. ನೇರ ಗೋಡೆಯ ಒಡ್ಡಾದರೆ ಕೆಳಗೆ ಬಿದ್ದ ನೀರು ಮತ್ತೆ ಗೋಡೆಯ ಕಡೆಗೇ ಮಗುಚಿಕೊಳ್ಳುತ್ತದೆ, ಸಿಕ್ಕವನನ್ನು ಹೊರಗೆ ಬಿಡದೆ ಉರುಳಿಸುತ್ತದೆ. ಅಲ್ಲಿನ ನೊರೆಯಲ್ಲಿ ಅರ್ಧ ಗಾಳಿಯೇ ಇರುವುದರಿಂದ ಲೈಫ್ ಜಾಕೆಟ್ ಕೂಡ ಸರಿಯಾಗಿ ತೇಲಿಸುವುದಿಲ್ಲ. ಹಳೆಯ ಕಲ್ಲಿನ ಒಡ್ಡುಗಳಲ್ಲಿ ಇನ್ನೊಂದು ಕಾಟ. ಗುಂಡುಗಳ ಸಂದಿಯಿಂದ ನೀರು ನುಸುಳುತ್ತದೆ, ಮನುಷ್ಯ ನುಸುಳುವುದಿಲ್ಲ. ಸೆಳವು ಅವನನ್ನು ಜರಡಿಗೆ ಕಸ ಅಂಟಿದ ಹಾಗೆ ಕಲ್ಲಿಗೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಒಡ್ಡಿಗೆ ಅರ್ಧ ಕಿಲೋಮೀಟರಿನ ಲೆಕ್ಕ ಸಾಲದು; ಕೆಳಗೆ ಒಂದು ಕಿಲೋಮೀಟರಿನೊಳಗೆ ಒಡ್ಡು ಇದ್ದರೆ ಆ ಜಾಗ ಎಷ್ಟೇ ಚೆಂದವಿರಲಿ, ಕಲಿಸಲು ಬೇಡ.

ಆಳಕ್ಕೆ ಅಡಿ ಅಡಿಗೆ ಗುರುತು ಮಾಡಿದ ಬಿದಿರು ಗಳ ಸಾಕು. ಸೊಂಟದಿಂದ ಎದೆಮಟ್ಟದ ನೀರು ಉತ್ತಮ. ಮೊಣಕಾಲಿಗಿಂತ ಕಡಿಮೆಯಾದರೆ ಹುಟ್ಟು ನೆಲಕ್ಕೆ ಬಡಿಯುತ್ತದೆ, ಮಗುಚಿದಾಗ ತಲೆಯೂ ಬಡಿಯುತ್ತದೆ. ತಳ ಮರಳೋ ಬಂಡೆಯೋ ಎಂಬುದು ಆಳದಷ್ಟೇ ಮುಖ್ಯ. ಹರಿಯುವ ನೀರಿನಲ್ಲಿ ಬಿದ್ದ ಕೂಡಲೇ ಎದ್ದು ನಿಲ್ಲಲು ನೋಡುವುದು ಸಹಜ. ತಳ ಬಂಡೆಯಾಗಿದ್ದರೆ ಪಾದ ಸಂದಿಗೆ ಸಿಕ್ಕು, ಸೆಳವು ಮೈಯನ್ನು ಮುಂದಕ್ಕೆ ಮಗುಚುತ್ತದೆ. ಅದಕ್ಕೇ ಮೊದಲ ಪಾಠ ಹುಟ್ಟಿನದಲ್ಲ, ಬೀಳುವುದರದು: ಅಂಗಾತ ಮಲಗಿ, ಕಾಲು ಹೊಳೆ ಹರಿಯುವ ಕಡೆಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲುವುದು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರಿಗೂ ಇದನ್ನು ಹೊಸದಾಗಿಯೇ ಹೇಳಿಕೊಡಬೇಕಾಗುತ್ತದೆ. ಬಾವಿಯ ನೀರು ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲವಲ್ಲ.

ಗಾಳಿಗೆ ಸರಳ ಪರೀಕ್ಷೆ. ದಡದಲ್ಲಿ ನೀರಿನ ಕಡೆ ಮುಖ ಮಾಡಿ ನಿಲ್ಲಿ. ಗಾಳಿ ಮುಖಕ್ಕೆ ಹೊಡೆದರೆ ಸೋತವರನ್ನು ಅದೇ ದಡಕ್ಕೆ ತಂದು ಬಿಡುತ್ತದೆ. ಬೆನ್ನಿಗೆ ಹೊಡೆದರೆ ನಡುನೀರಿಗೆ ಒಯ್ಯುತ್ತದೆ. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣತೊಡಗಿದರೆ ಪಾಠ ಮುಗಿಸಿ. ಹರಿಗೋಲಿಗಂತೂ ಗಾಳಿ ಕಡು ವೈರಿ: ತಳ ಚಪ್ಪಟೆ, ನೀರಿನಲ್ಲಿ ಮುಳುಗುವುದು ಒಂದು ಗೇಣೂ ಇಲ್ಲ, ಹಿಡಿತವೇ ಇರುವುದಿಲ್ಲ.

ಸಾಣಾಪುರ ಕೆರೆ

ಇದು ಹೊಳೆಯಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು ಮುಂದೆ ಹೋಗುವ ಸಮತೋಲನ ಜಲಾಶಯ. ಸೆಳವು ಇಲ್ಲವೆಂದೇ ಹೇಳಬಹುದು, ಸುತ್ತಲಿನ ಗುಡ್ಡಗಳು ಗಾಳಿ ತಡೆಯುತ್ತವೆ, ಹರಿಗೋಲಿನವರು ದಿನವೂ ಇರುತ್ತಾರೆ. ಮೊದಲ ಮೂರು ಪಾಠಗಳಿಗೆ ಈ ಭಾಗದಲ್ಲಿ ಇದಕ್ಕಿಂತ ಅನುಕೂಲದ ನೀರು ಕಡಿಮೆ.

ತೊಡಕು ಮೂರು. ದಡ ಬಹಳ ಕಡೆ ಬಂಡೆ. ಎರಡು ಹೆಜ್ಜೆಗೆ ಆಳ ಸಿಗುತ್ತದೆ. ಎದೆಮಟ್ಟದ ನೀರಿರುವ ಇಳಿಜಾರು ಹುಡುಕಿ, ಅಲ್ಲಿಂದ ನಲವತ್ತು ಮೀಟರ್ ದೂರಕ್ಕೆ ಖಾಲಿ ಕ್ಯಾನುಗಳನ್ನು ಕಲ್ಲು ಕಟ್ಟಿ ತೇಲಿಬಿಟ್ಟು ಗಡಿ ಮಾಡಿಕೊಳ್ಳಬೇಕು. ಎರಡನೆಯದು, ಕಾಲುವೆ ಒಳಗೆ ಬರುವ ಮತ್ತು ಹೊರಗೆ ಹೋಗುವ ಬಾಯಿ. ಹೊರಬಾಯಿಯ ಹತ್ತಿರ ಮೇಲೆ ಏನೂ ಕಾಣದೆ ಒಳಗೊಳಗೇ ಎಳೆತವಿರುತ್ತದೆ. ಅದರಿಂದ 300 ಮೀಟರ್ ದೂರವೇ ಇರಿ. ಮೂರನೆಯದು ನೀರಿನ ಲಭ್ಯತೆ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಎರಡನೇ ಬೆಳೆಗೆ ನೀರು ಸಿಗದ ವರ್ಷ ಬೇಸಿಗೆಗೆ ಮೊದಲೇ ತಳ ಕಾಣತೊಡಗೀತು. ಹಬ್ಬ, ಶನಿವಾರ, ಭಾನುವಾರ ಪ್ರವಾಸಿಗರ ಜಂಗುಳಿ. ವಾರದ ನಡುವೆ ಬೆಳಗ್ಗೆ 6.30ಕ್ಕೆ ಇಳಿದು 9ಕ್ಕೆ ಮೇಲೆ ಬನ್ನಿ.

ಕೆರೆಯನ್ನೂ ಹತ್ತಿರದ ಹೊಳೆಯನ್ನೂ ಜನ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. "ಸಾಣಾಪುರದಲ್ಲಿ ಕಲಿಸ್ತೀವಿ" ಅಂದವರು ಹೊಳೆಯ ಬಂಡೆಗಳ ನಡುವೆ ಕರೆದೊಯ್ದರೆ ಅದು ಬೇರೆಯೇ ಲೆಕ್ಕ. ಬಂಡೆ ಮೇಲಿಂದ ಧುಮುಕಿದ ಈಜು ಬಲ್ಲವರೂ ಅಲ್ಲಿ ಸೆಳವಿಗೆ ಸಿಕ್ಕಿ ಸತ್ತಿದ್ದಾರೆ.

ಆನೆಗೊಂದಿ, ತಳವಾರಘಟ್ಟದ ಹೊಳೆ

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲನ್ನು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ಹೋಗುವಾಗ ತಿರುಗುತ್ತಲೇ ಇರುತ್ತದೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗುವುದು ಮಾತ್ರ ಹಾಗೇ ಇದೆ, ಮತ್ತು ಹೊಸಬರಿಗೆ ಕಲಿಸಬೇಕಾದ ಮೊದಲ ವಿದ್ಯೆ ಆ ತಿರುಗಾಟವನ್ನು ನಿಲ್ಲಿಸುವುದೇ. ಹಿಂದೆ ಕೂತು ತಳ್ಳಿದರೆ ಹರಿಗೋಲು ಗಿರಗಿರ ಸುತ್ತುತ್ತದೆ. ಮುಂದಿನ ಅಂಚಿಗೆ ಮೊಣಕಾಲೂರಿ ಕೂತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು, ಒಮ್ಮೆ ಎಡ, ಒಮ್ಮೆ ಬಲ. ಇದನ್ನು ಕಲಿಸಲು ಇಲ್ಲಿನ ಅಂಬಿಗರಿಗಿಂತ ಒಳ್ಳೆಯ ಗುರುಗಳು ಸಿಗಲಾರರು.

ಗುರುಗಳು ಸರಿ, ಶಾಲೆ ಸರಿಯಿಲ್ಲ. ನಡುವೆ ಮಡು, ಅಂಚಿಗೆ ಸೆಳವು, ಎಲ್ಲೆಲ್ಲೂ ಮುಳುಗಿದ ಗುಂಡುಗಳು. ಅಂಬಿಗ ಹತ್ತು ನಿಮಿಷದಲ್ಲಿ ದಾಟಿಸುವ ನೀರಿನಲ್ಲಿ ಹೊಸಬ ಎರಡು ಸಲ ಬಂಡೆಗೆ ತಾಗುತ್ತಾನೆ. ಗ್ರಾನೈಟ್ ಅಂಚಿಗೆ ಉಜ್ಜಿದರೆ ಹರಿಗೋಲಿನ ಹಾಳೆ ಹರಿಯುತ್ತದೆ. ಮೇಲಾಗಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆ 2015ರಲ್ಲಿ ಘೋಷಣೆಯಾದ ನೀರುನಾಯಿ ಸಂರಕ್ಷಣಾ ಮೀಸಲು. ಅರಣ್ಯ ಇಲಾಖೆಯನ್ನು ಕೇಳದೆ ತಂಡ ಕಟ್ಟಿಕೊಂಡು ಇಳಿಯುವಂತಿಲ್ಲ. ಕೇಳಿಕೊಂಡು ಇಳಿದರೂ ನಡುಗಡ್ಡೆ, ಪೊದೆಗಳ ಹತ್ತಿರ ಗದ್ದಲ ಬೇಡ.

ಕೆರೆಯಲ್ಲಿ ಆರೆಂಟು ಪಾಠ ಮುಗಿಸಿದವರನ್ನು ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ತಲೆಗೆ ಹೆಲ್ಮೆಟ್ ಹಾಕಿಸಿ, ಪ್ರತಿ ಹರಿಗೋಲಿಗೂ ಒಬ್ಬ ಅಂಬಿಗನನ್ನು ಕೂರಿಸಿ ಇಲ್ಲಿಗೆ ತನ್ನಿ. ಅದಕ್ಕೆ ಮೊದಲು ಬೇಡ.

ಕಂಪ್ಲಿಯ ಕೆಳಗೆ

ಬೆಟ್ಟ, ಬಂಡೆಗಳ ಇಕ್ಕಟ್ಟು ಬಿಟ್ಟು ಬಂದ ಹೊಳೆ ಕಂಪ್ಲಿಯಿಂದ ಕೆಳಗೆ ಹಿಗ್ಗಿ, ಮರಳು ಹಾಸಿಕೊಂಡು ನಿಧಾನವಾಗುತ್ತದೆ. ಕೆರೆಯಲ್ಲಿ ಸಿಗದ ಪಾಠ ಇಲ್ಲಿ ಸಿಗುತ್ತದೆ: ಸೆಳವಿಗೆ ಓರೆಯಾಗಿ ದಾಟುವುದು, ದಡ ಸೇರುವಾಗ ಮೂತಿಯನ್ನು ಹೊಳೆಯ ಮೇಲ್ಮುಖಕ್ಕೆ ತಿರುಗಿಸುವುದು, ತಿರುವಿನ ಒಳಮಗ್ಗುಲಲ್ಲಿ ನಿಂತ ನೀರಿಗೆ ಹೊಕ್ಕು ಸುಧಾರಿಸಿಕೊಳ್ಳುವುದು. ಹರಿಯುವ ನೀರಿನಲ್ಲಿ ಕಲಿಸುವುದಾದರೆ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಮೊದಲ ಆಯ್ಕೆ ಇದೇ ಆಗಬೇಕು. ಸೇತುವೆಯ ಕೆಳಗಿನ ಭಾಗ ಹಿಡಿದರೆ ನೀರುನಾಯಿ ಮೀಸಲಿನ ಹೊರಗೂ ಇರುತ್ತೀರಿ, ಸೇತುವೆ ಕಂಬಗಳೂ ನಿಮ್ಮ ಬೆನ್ನ ಹಿಂದೆ ಉಳಿಯುತ್ತವೆ.

ಇಲ್ಲಿನ ಶತ್ರು ಮರಳು ತೆಗೆದ ಗುಂಡಿ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಮುಳುಗುತ್ತಾನೆ, ಗುಂಡಿಯ ಅಂಚು ಸಡಿಲ ಮರಳಾದ್ದರಿಂದ ಹತ್ತಲು ಹೋದಷ್ಟೂ ಕುಸಿಯುತ್ತದೆ. ಪ್ರತಿ ಮಳೆಗಾಲದ ನಂತರ ಗುಂಡಿಗಳ ಜಾಗವೂ ಬದಲಾಗುತ್ತದೆ, ಹೋದ ವರ್ಷದ ನೆನಪು ಕೆಲಸಕ್ಕೆ ಬಾರದು. ಪಾಠದ ಹಿಂದಿನ ದಿನ ಇಬ್ಬರು ಲೈಫ್ ಜಾಕೆಟ್ ತೊಟ್ಟು ಗಳ ಹಿಡಿದು, ನೂರು ಮೀಟರ್ ಉದ್ದಕ್ಕೆ ಎರಡೆರಡು ಮೀಟರಿಗೊಮ್ಮೆ ತಡವಿ, ಗುಂಡಿ ಸಿಕ್ಕಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಡಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಇದರ ಜೊತೆಗೆ ಭತ್ತದ ಗದ್ದೆಗಳ ಪಂಪ್‌ಸೆಟ್ಟಿನ ಪೈಪು, ಅದರ ವೈರು, ಮೀನಿನ ಬಲೆ ದಡದಗುಂಟ ಇರುತ್ತವೆ. ವೈರು ನೀರಿನಲ್ಲಿ ಬಿದ್ದಿರುವ ಕಡೆ ಇಳಿಯಲೇಬೇಡಿ. ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂದು ಗದ್ದೆಯವರನ್ನು ಕೇಳಿ. ಬಲೆ ಹಾಕಿದವರನ್ನೂ ಮೊದಲೇ ಕಂಡು ಮಾತಾಡಿ. ಒಮ್ಮೆ ಬಲೆ ಹರಿದರೆ ಮುಂದಿನ ವಾರ ಆ ದಡಕ್ಕೆ ನೀವು ಹೋಗಲಾರಿರಿ.

ಕಂಪ್ಲಿಯೂ ಆನೆಗೊಂದಿಯೂ ತುಂಗಭದ್ರಾ ಜಲಾಶಯದ ಗೇಟಿನ ಕೆಳಗಿವೆ ಎಂಬುದನ್ನು ಮರೆಯಬಾರದು. ಇಲ್ಲಿ ಮಳೆಯಿಲ್ಲದೆ ಬಿಸಿಲು ಕಾಯುತ್ತಿದ್ದರೂ ಮಲೆನಾಡಿನ ಮಳೆಗೆ ಹೊಳೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಆ ಒಂದರಿಂದಲೇ ಸುಮಾರು 35,000 ಕ್ಯೂಸೆಕ್ ಹೊರಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗಿ ಗಂಗಾವತಿಯ ದಾರಿ ನಿಲ್ಲುತ್ತದೆ.

ಪತ್ರಿಕೆಯಲ್ಲಿ ದಿನವೂ ಬರುವ ಜಲಾಶಯದ ಅಂಕಿಗಳಲ್ಲಿ ಹೊರಹರಿವು ನೋಡುವಾಗ ಒಂದು ಎಚ್ಚರ: ಅದರಲ್ಲಿ ಕಾಲುವೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ನಿಮಗೆ ಬೇಕಾದದ್ದು ನದಿಗೆ ಬಿಟ್ಟ ನೀರು. ಒಳಹರಿವು ಹಿಂದಿನ ದಿನಕ್ಕಿಂತ ಏರಿ, ಮಟ್ಟ ಪೂರ್ತಿ 1,633 ಅಡಿಯ ಹತ್ತಿರವಿದ್ದರೆ ಗೇಟು ಯಾವ ಗಳಿಗೆಯಲ್ಲಾದರೂ ತೆರೆದೀತು, ಪಾಠ ಮುಂದೂಡಿ. ಹೊಳೆಯಲ್ಲಿದ್ದಾಗಲೂ ನೀರಿನಂಚಿಗೆ ಒಂದು ಕಡ್ಡಿ ಚುಚ್ಚಿ, ಕಾಲು ತಾಸಿಗೊಮ್ಮೆ ನೋಡಲು ದಡದಲ್ಲಿ ಒಬ್ಬರನ್ನು ನಿಲ್ಲಿಸಿ. ಕಡ್ಡಿಯ ಮೇಲೆ ನೀರು ನಾಲ್ಕು ಬೆರಳು ಏರಿದರೆ, ಅಥವಾ ತಿಳಿಯಾಗಿದ್ದ ನೀರಿನಲ್ಲಿ ಕಸಕಡ್ಡಿ ತೇಲಿಬರತೊಡಗಿದರೆ, ಎಲ್ಲರೂ ಮೇಲೆ.

ಮುನಿರಾಬಾದ್ ಕಡೆಯ ಹಿನ್ನೀರು

ಜಲಾಶಯ ತುಂಬಿದಾಗ ನೀರು ಹರಡುವುದು 378 ಚದರ ಕಿ.ಮೀ. ಅಷ್ಟು ಬಯಲು ನೀರಿನ ಮೇಲೆ ಗಾಳಿಗೆ ಅಡ್ಡಿಯೇ ಇಲ್ಲ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಹತ್ತು ಗಂಟೆಯ ಮೇಲೆ ಅಲೆಯೇಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯಲ್ಲಿ ಕಲಿಸುವ ಮಾತೇ ಬೇಡ. ನವೆಂಬರಿನಿಂದ ಜನವರಿಯವರೆಗಿನ ಮುಂಜಾನೆ ಚೆನ್ನಾಗಿರುತ್ತದೆ. ಗೇಟಿನ ಮೇಲ್ಗಡೆ ಇರುವುದರಿಂದ ನೀರು ದಿಢೀರನೆ ಏರುವ ಭಯವಿಲ್ಲ.

ಹೂಳು ಇನ್ನೊಂದು ತೊಂದರೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಇಳಿದಿದೆ. ಆ ವ್ಯತ್ಯಾಸವೆಲ್ಲ ನೀವು ಕಾಲಿಡುವ ಕೆಸರೇ. ನೀರು ಹಿಂದೆ ಸರಿದಂತೆ ದಡ ದೂರವಾಗುತ್ತದೆ, ನಡುವೆ ಮೊಣಕಾಲು ಹೂಳು. ಮಾರ್ಚ್ ದಾಟಿದರೆ ಕಯಾಕ್ ಹೊತ್ತು ನಡೆಯುವುದರಲ್ಲೇ ಪಾಠದ ಹೊತ್ತು ಮುಗಿಯುತ್ತದೆ. ಗಟ್ಟಿ ಮೊರಂ ನೆಲ ನೀರಿಗೆ ಇಳಿದಿರುವ ಕಡೆ, ಕೊಲ್ಲಿಯಂತೆ ಒಳಗೆ ಬಾಗಿದ ಮೂಲೆ ಸಿಕ್ಕರೆ ಮಾತ್ರ ಹಿನ್ನೀರು ಆಯ್ಕೆಗೆ ಬರುತ್ತದೆ. ಅಣೆಕಟ್ಟಿನ ಹತ್ತಿರದ ನೀರು ನಿಷಿದ್ಧ ವಲಯ, ಅದನ್ನು ಲೆಕ್ಕಕ್ಕೇ ತರಬೇಡಿ.

ಕೃಷ್ಣೆ, ಮತ್ತು ಕಾಲುವೆಗಳು

ರಾಯಚೂರಿನವರಿಗೆ ದೇವಸೂಗೂರು, ಶಕ್ತಿನಗರದ ಕಡೆ ಕೃಷ್ಣೆ ಹತ್ತಿರ, ಕುರುವಪುರಕ್ಕೆ ಭಕ್ತರು ಹರಿಗೋಲಿನಲ್ಲಿ ದಾಟುವುದನ್ನು ನೋಡಿಯೂ ಇರುತ್ತಾರೆ. ಆದರೂ ಹೊಸಬರಿಗೆ ಬೇಡ. ಹೊಳೆ ದೊಡ್ಡದು, ನಾರಾಯಣಪುರ ಜಲಾಶಯದಿಂದ ಬಿಡುವ ನೀರಿಗೆ ಮಟ್ಟ ಏರಿಳಿಯುತ್ತದೆ, ಮೊಸಳೆಗಳಿವೆ. ಚಳಿಗಾಲದ ಬೆಳಗ್ಗೆ ಅವು ಮೈ ಕಾಯಿಸಲು ಬರುವುದು ನಿಮಗೆ ಅನುಕೂಲವೆನಿಸುವ ಅದೇ ಮರಳ ದಿಬ್ಬಗಳ ಮೇಲೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡುವ ಕಾಲದಲ್ಲಿ ದಡದ ಹತ್ತಿರ ಬಂದವರನ್ನು ಸಹಿಸುವುದಿಲ್ಲ. ತುಂಗಭದ್ರೆಯಲ್ಲೂ ಮೊಸಳೆಗಳಿವೆ, ಆದ್ದರಿಂದ ಎಲ್ಲೇ ಆಗಲಿ ಇತ್ತೀಚೆಗೆ ಕಂಡದ್ದುಂಟೇ ಎಂದು ಬಟ್ಟೆ ಒಗೆಯುವವರನ್ನು, ದನ ಕಾಯುವವರನ್ನು ಕೇಳಿಯೇ ಇಳಿಯಿರಿ.

ಊರ ಪಕ್ಕದ ಕಾಲುವೆ ನೇರವಾಗಿದೆ, ಬಂಡೆಯಿಲ್ಲ ಎಂದು ಕೆಲವರಿಗೆ ಆಸೆ ಹುಟ್ಟುತ್ತದೆ. ಓರೆ ಕಾಂಕ್ರೀಟಿನ ಮೇಲೆ ಪಾಚಿ, ಹಿಡಿಯಲು ಏನೂ ಇಲ್ಲ, ಮುಂದೆ ತೂಬು ಇಲ್ಲವೇ ಸೇತುವೆಯ ಕೆಳಗಿನ ಕತ್ತಲೆ. ಕಾಲುವೆಯಲ್ಲಿ ಯಾವ ತಿಂಗಳೂ ಪಾಠವಿಲ್ಲ.

ಯಾರಿಗೆ ಯಾವುದು

ಈಜು ಬಾರದ ಮಕ್ಕಳು, ಮೊದಲ ಸಲ ನೀರಿಗಿಳಿಯುವ ದೊಡ್ಡವರು: ಸಾಣಾಪುರ ಕೆರೆ, ಒಬ್ಬ ಗುರುವಿಗೆ ಆರಕ್ಕಿಂತ ಹೆಚ್ಚು ಜನ ಬೇಡ. ಕೊಪ್ಪಳದಿಂದ ದಿನವೂ ಬಂದುಹೋಗುವವರು ನವೆಂಬರ್–ಜನವರಿಗೆ ಹಿನ್ನೀರಿನ ಮೂಲೆಯೊಂದನ್ನು ಹುಡುಕಿಕೊಂಡರೆ ಗಾಡಿ ಖರ್ಚು ಉಳಿಯುತ್ತದೆ. ಬಳ್ಳಾರಿ, ಸಿರುಗುಪ್ಪದವರು ಮೊದಲೆರಡು ಪಾಠವನ್ನು ಕುಡಿಯುವ ನೀರಿಗೆ ಬಳಸದ ಊರ ಕೆರೆಯೊಂದರಲ್ಲಿ ಪಂಚಾಯಿತಿಯ ಒಪ್ಪಿಗೆ ಪಡೆದು ಮುಗಿಸಿ, ಡಿಸೆಂಬರಿಗೆ ಕಂಪ್ಲಿಗೆ ಬರಲಿ. ಅಲ್ಲಿ ಒಬ್ಬ ಗುರುವಿಗೆ ನಾಲ್ವರೇ. ರಾಯಚೂರಿನವರು ಸಿಂಧನೂರು ದಾಟಿ ಗಂಗಾವತಿಯ ಕಡೆ ಎರಡು ದಿನ ಉಳಿದು ಒಟ್ಟಿಗೆ ನಾಲ್ಕು ಪಾಠ ಮುಗಿಸುವುದು ಲೇಸು. ದೂರ ಹೆಚ್ಚು, ಖರ್ಚೂ ಹೆಚ್ಚು, ಆದರೆ ಹತ್ತಿರದ ಕೃಷ್ಣೆ ಇದಕ್ಕೆ ಬದಲಿಯಾಗದು.

ದುಡ್ಡು ಕಡಿಮೆ ಬಿದ್ದರೆ ಕಯಾಕ್ ಬಿಟ್ಟು ಹರಿಗೋಲಿನಲ್ಲೇ ಕಲಿಸಿ. ಪ್ರವಾಸಿಗರನ್ನು ತುಂಬುವಂತೆ ತುಂಬದೆ ನಾಲ್ವರು ಕಲಿಯುವವರು, ಒಬ್ಬ ಅಂಬಿಗ. ಲೈಫ್ ಜಾಕೆಟಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ: ತೊಡಿಸಿ, ಬೆಲ್ಟು ಬಿಗಿದು, ಎರಡೂ ಭುಜದ ಪಟ್ಟಿ ಹಿಡಿದು ಮೇಲೆತ್ತಿದಾಗ ಅದು ಕಿವಿಯ ತನಕ ಸರಿದು ಬಂದರೆ ನೀರಿನಲ್ಲಿ ತಲೆ ದಾಟಿಯೇ ಹೋಗುತ್ತದೆ. ಚೀಲದಲ್ಲಿ ಸುತ್ತಿಟ್ಟ 15–20 ಮೀಟರ್ ತೇಲುವ ಹಗ್ಗ ದಡದಲ್ಲಿ ನಿಂತವನ ಕೈಯಲ್ಲೇ ಇರಲಿ, ಗಾಡಿಯಲ್ಲಲ್ಲ. ಊರಿನ ಅಂಬಿಗನಿಗೆ ಪೂರ್ತಿ ದಿನದ ಕೂಲಿ ಕೊಟ್ಟು, ಹಿಂದಿನ ಸಂಜೆಯೇ ಜಾಗ ತೋರಿಸಿ ಕೇಳಿ. "ಇವತ್ತು ಬ್ಯಾಡ್ರಿ" ಅಂದರೆ ಅದಕ್ಕೆ ಕಾರಣ ಕೇಳಿ ತಿಳಿದುಕೊಳ್ಳಿ, ವಾದ ಮಾಡಬೇಡಿ. ಕೂಲಿ ಮಾತ್ರ ಕೊಟ್ಟೇ ಕಳಿಸಿ, ಮುಂದಿನ ಸಲವೂ ಆತ ನಿಜವನ್ನೇ ಹೇಳಬೇಕಲ್ಲ.